ಹಸಿ ಕಸ ಹೊಸ್ತಿಲು ದಾಟಬೇಕಿಲ್ಲ

ಬೆಂಗಳೂರಿನ ಫ್ಲ್ಯಾಟು, ವಠಾರ, ಬಾಡಿಗೆ ಮನೆ, ಸ್ವಂತ ಮನೆಗಳಲ್ಲಿ ಅಡುಗೆಮನೆ ನಡೆಸುವ ಎಲ್ಲರಿಗೂ,



ಬೆಳಿಗ್ಗೆ ಕಸದ ಗಾಡಿ ಬಂದ ಸದ್ದು ಕೇಳಿದ ಕೂಡಲೇ ಹಸಿರು ಬಕೆಟ್ಟು ಹಿಡಿದು ಗೇಟಿಗೆ ಓಡುವವರು ನೀವು. ಹಸಿ ಕಸ ಬೇರೆ, ಒಣ ಕಸ ಬೇರೆ ಮಾಡುವುದನ್ನು ರೂಢಿಸಿಕೊಂಡಿದ್ದೀರಿ, ಮನೆಯ ಮಕ್ಕಳಿಗೂ ಕಲಿಸಿದ್ದೀರಿ. ಆ ಶ್ರಮಕ್ಕೆ ಕೈಮುಗಿದು ಈ ಪತ್ರ ಶುರು ಮಾಡುತ್ತೇನೆ. ಇನ್ನೊಂದೇ ಒಂದು ಹೆಜ್ಜೆ ಮುಂದಿಡಿ ಎಂದು ಕೇಳಿಕೊಳ್ಳಲು ಬರೆಯುತ್ತಿದ್ದೇನೆ. ಆ ಹಸಿರು ಬಕೆಟ್ಟಿನಲ್ಲಿರುವುದು ಮನೆ ಬಿಟ್ಟು ಹೋಗದಿರಲಿ. ಸೊಪ್ಪಿನ ದಂಟು, ಬಾಳೆಹಣ್ಣಿನ ಸಿಪ್ಪೆ, ಕಾಫಿ ಚರಟ ನಿಮ್ಮ ಬಾಲ್ಕನಿಯ ಮೂಲೆಯಲ್ಲೇ ಎರೆಹುಳುಗಳ ಹೊಟ್ಟೆ ಸೇರಿ ಗೊಬ್ಬರವಾಗಲಿ.

ಬೇರ್ಪಡಿಸಿ ಕೊಟ್ಟೆವು, ನಮ್ಮ ಕೆಲಸ ಮುಗಿಯಿತು ಎಂದು ನಮ್ಮಲ್ಲಿ ಬಹಳ ಮಂದಿ ನಂಬಿದ್ದೇವೆ. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಆ ಕಸ ಎಲ್ಲಿಗೆ ಹೋಯಿತು ಎಂದು ಕೇಳುವವರು ಕಡಿಮೆ. ಕೇಳಬೇಕಾದ ಪ್ರಶ್ನೆ ಅದೇ.

2012ರಲ್ಲಿ ಈ ನಗರ ಕಂಡ ಕಸದ ರಾಶಿಗಳು ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ಯಲಹಂಕದಾಚೆಯ ಮಾವಳ್ಳಿಪುರದಲ್ಲಿ ಕಸ ಸುರಿಯುವುದು ನಿಂತಿತು. ನಮ್ಮ ಬೀದಿಗಳ ತುದಿಯಲ್ಲಿ ಚೀಲದ ಮೇಲೆ ಚೀಲ ಬಿದ್ದು ಕೊಳೆಯಿತು. ಮೂಗು ಮುಚ್ಚಿಕೊಂಡು ಓಡಾಡಿದ ಆ ದಿನಗಳನ್ನು ನಾವು ಸಂಕಟ ಎಂದು ಕರೆದೆವು. ಮಾವಳ್ಳಿಪುರದವರು ಅದನ್ನೇ ವರ್ಷಗಟ್ಟಲೆ ಉಂಡಿದ್ದರು. ಮುಂದೆ ಆ ಹೊರೆಯೆಲ್ಲ ಮಂಡೂರು ಎಂಬ ಊರಿನ ಮೇಲೆ ಬಿತ್ತು. 2014ರಲ್ಲಿ ಮಂಡೂರಿನ ಜನ ಲಾರಿಗಳನ್ನು ತಡೆದು ರಸ್ತೆಯಲ್ಲಿ ಕೂತರು. ಆ ವರ್ಷದ ಡಿಸೆಂಬರ್ 1ರಿಂದ ಅಲ್ಲಿಗೆ ಕಸ ಕಳಿಸುವುದಿಲ್ಲ ಎಂದು ಸರ್ಕಾರ ಮಾತು ಕೊಡಬೇಕಾಯಿತು. ಆಮೇಲೆ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕಲ್ಲುಕ್ವಾರಿಗಳ ಸರದಿ. ಊರಿನ ಹೆಸರು ಬದಲಾಯಿತು, ಬಕೆಟ್ಟಿನೊಳಗಿನದು ಬದಲಾಗಲಿಲ್ಲ.

ಆ ವರ್ಷಗಳಲ್ಲಿ ಬೂದಿಗೆರೆ ಕಡೆಯ ನೆಂಟರ ಮನೆಗೆ ಹೋಗುವಾಗ ಬಸ್ಸಿನಲ್ಲಿದ್ದವರೆಲ್ಲ ಮಂಡೂರು ಹತ್ತಿರವಾದಂತೆ ಒಬ್ಬೊಬ್ಬರಾಗಿ ಕಿಟಕಿ ಎಳೆದುಕೊಳ್ಳುವುದನ್ನು ನಾನು ನೋಡಿದ್ದೇನೆ. ನಮಗೆ ಅದು ಹತ್ತು ನಿಮಿಷದ ಹಾದಿ. ಊರಿನವರಿಗೆ ಮುಚ್ಚಿಕೊಳ್ಳಲು ಕಿಟಕಿ ಇರಲಿಲ್ಲ. ಬಾವಿಯ ನೀರು, ಅಂಗಳದಲ್ಲಿ ಉಣ್ಣುವ ಊಟ, ಮಗುವಿನ ತೊಟ್ಟಿಲು, ಎಲ್ಲದರ ಮೇಲೂ ನೊಣ ಮತ್ತು ವಾಸನೆ.

ಆ ವಾಸನೆ ಎಲ್ಲಿಂದ ಬಂತು? ಪ್ಲಾಸ್ಟಿಕ್ಕು ನೂರು ಕೇಡು ಮಾಡುತ್ತದೆ, ಆದರೆ ಕೊಳೆತು ನಾರುವುದಿಲ್ಲ. ನಾರುವುದು ನಾವು ಕಳಿಸಿದ ಅನ್ನ, ತರಕಾರಿ, ಹಣ್ಣು, ಹೂವು. ನಗರದ ಮನೆಗಳಿಂದ ಹೊರಡುವ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಈ ಹಸಿ ಕಸವೇ. ಗಾಳಿಯಾಡದ ರಾಶಿಯೊಳಗೆ ಅದು ಕೊಳೆಯುವಾಗ ಮೀಥೇನ್ ಅನಿಲ ಹುಟ್ಟುತ್ತದೆ. ಅದರಿಂದ ಬಸಿಯುವ ಕಪ್ಪು ನೀರು ನೆಲಕ್ಕಿಳಿಯುತ್ತದೆ. ಅದೇ ಸಿಪ್ಪೆ ಗಾಳಿಯಾಡುವ ಜಾಗದಲ್ಲಿ, ತೆಳುವಾಗಿ ಹರಡಿ, ಜೀವಿಗಳ ಬಾಯಿಗೆ ಬಿದ್ದರೆ ಮಣ್ಣಿನ ವಾಸನೆಯ ಗೊಬ್ಬರವಾಗುತ್ತದೆ. ಕಸವಾಗುವುದೋ ಗೊಬ್ಬರವಾಗುವುದೋ ಎಂಬುದು ಸಿಪ್ಪೆಯ ಗುಣದಲ್ಲಿಲ್ಲ, ನಾವು ಅದನ್ನು ಇಡುವ ಜಾಗದಲ್ಲಿದೆ. ಈ ಪತ್ರದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಇಷ್ಟೇ. ಉಳಿದದ್ದೆಲ್ಲ ಅದನ್ನು ಮಾಡುವ ಬಗೆ.

ಹಳ್ಳಿಯಲ್ಲಿ ಹುಟ್ಟಿ ಇಲ್ಲಿಗೆ ಬಂದವರು ನೀವಾಗಿದ್ದರೆ ನಿಮ್ಮ ಮನೆಗೂ ಒಂದು ತಿಪ್ಪೆ ಇದ್ದಿರುತ್ತದೆ. ಕೊಟ್ಟಿಗೆಯ ಸಗಣಿ, ಒಲೆಯ ಬೂದಿ, ಅಡುಗೆಮನೆಯ ಸಿಪ್ಪೆ ಅಲ್ಲಿ ಸೇರಿ, ಬೇಸಿಗೆ ಕಳೆಯುವಷ್ಟರಲ್ಲಿ ಗಾಡಿ ತುಂಬಿ ಹೊಲಕ್ಕೆ ಹೋಗುತ್ತಿತ್ತು. ಮೂರನೇ ಮಹಡಿಯಲ್ಲಿ ತಿಪ್ಪೆಗೆ ಜಾಗವಿಲ್ಲ, ಒಪ್ಪಿದೆ. ಎರಡಡಿ ಉದ್ದ, ಒಂದೂವರೆ ಅಡಿ ಅಗಲದ ಒಂದು ಡಬ್ಬಿಗೆ ಜಾಗ ಖಂಡಿತ ಇದೆ. ಒಗೆಯುವ ಯಂತ್ರದ ಪಕ್ಕವೋ, ತುಳಸಿ ಕುಂಡದ ಹಿಂದೆಯೋ, ಬಿಸಿಲು ಬೀಳದ ಯಾವ ಮೂಲೆಯಾದರೂ ಸರಿ. ಒಗೆಯುವ ಯಂತ್ರದ ಮೇಲೆ ಮಾತ್ರ ಬೇಡ, ಅದರ ನಡುಕ ಹುಳುಗಳಿಗೆ ಆಗದು. ಚಾರ್ಲ್ಸ್ ಡಾರ್ವಿನ್ ಎರೆಹುಳುಗಳ ಬಗ್ಗೆಯೇ ಒಂದು ಪುಸ್ತಕ ಬರೆದ, 1881ರಲ್ಲಿ, ಸಾಯುವುದರ ಹಿಂದಿನ ವರ್ಷ. ಹುಳುಗಳಿದ್ದ ಕುಂಡಗಳನ್ನು ಮನೆಯೊಳಗಿಟ್ಟು ಅವು ವಾದ್ಯಗಳ ಸದ್ದಿಗೆ ಏನು ಮಾಡುತ್ತವೆ ಎಂದು ಪರೀಕ್ಷಿಸಿದ. ಸದ್ದು ಅವಕ್ಕೆ ಲೆಕ್ಕಕ್ಕೇ ಇರಲಿಲ್ಲ. ಕುಂಡವನ್ನು ಪಿಯಾನೋ ಮೇಲಿಟ್ಟು ಬಾರಿಸಿದಾಗ ಅದರ ಕಂಪನಕ್ಕೆ ಹೆದರಿ ಬಿಲದೊಳಗೆ ಸರಿದವು. ಎರೆಹುಳುವಿಗೆ ಕಿವಿಯಿಲ್ಲ, ಕಣ್ಣಿಲ್ಲ. ಬೆಳಕು ಮತ್ತು ನಡುಕ ಅದರ ಚರ್ಮಕ್ಕೇ ತಿಳಿಯುತ್ತದೆ. ಉಸಿರಾಡುವುದೂ ಆ ಒದ್ದೆ ಚರ್ಮದ ಮೂಲಕವೇ. ಇಷ್ಟು ತಿಳಿದರೆ ಅದಕ್ಕೆ ಬೇಕಾದದ್ದು ನಿಮಗೇ ಹೊಳೆಯುತ್ತದೆ: ಕತ್ತಲು, ತೇವ, ಗಾಳಿ, ನೆಮ್ಮದಿ.

ಮೊದಲು ಹುಳುವಿನ ಆಯ್ಕೆ. ತೋಟ ಅಗೆದಾಗ ಸಿಗುವ ಹುಳುವನ್ನು ತಂದು ಡಬ್ಬಿಗೆ ಬಿಡಬೇಡಿ. ಅವುಗಳಲ್ಲಿ ಹೆಚ್ಚಿನವು ಮಣ್ಣಿನ ಆಳದಲ್ಲಿ ಬದುಕುವವು, ಬರೀ ಸಿಪ್ಪೆಯ ನಡುವೆ ನಿಲ್ಲುವುದಿಲ್ಲ. ನಮಗೆ ಬೇಕಾದದ್ದು ನೆಲದ ಮೇಲ್ಪದರದಲ್ಲಿ, ತರಗೆಲೆಯ ಅಡಿಯಲ್ಲಿ ಬದುಕುವ ಜಾತಿ. ನಮ್ಮಲ್ಲಿ ಗೊಬ್ಬರಕ್ಕೆ ಸಾಕುವುದು ಮುಖ್ಯವಾಗಿ ಮೂರನ್ನು: ಐಸೀನಿಯಾ ಫೆಟಿಡಾ ಎಂಬ ಕೆಂಪು ಹುಳು, ಆಫ್ರಿಕಾ ಮೂಲದ ಯೂಡ್ರಿಲಸ್ ಯೂಜೀನಿಯೆ, ನಮ್ಮದೇ ನೆಲದ ಪೆರಿಯಾನಿಕ್ಸ್ ಎಕ್ಸ್‌ಕವೇಟಸ್. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ರಾಧಾ ಕಾಳೆಯವರು ಎರೆಹುಳುಗಳ ಮೇಲೆ ಮಾಡಿದ ದೀರ್ಘ ಕಾಲದ ಸಂಶೋಧನೆಯಿಂದ ಎರೆಗೊಬ್ಬರ ನಮ್ಮ ರೈತರ ಮನೆಮಾತಾಯಿತು. ಚೆನ್ನೈನಲ್ಲಿ ಡಾ. ಸುಲ್ತಾನ್ ಅಹಮದ್ ಇಸ್ಮಾಯಿಲ್ ಅವರು ದೇಶಿ ಹುಳುಗಳಿಂದಲೇ ಈ ಕೆಲಸ ಆಗುತ್ತದೆ ಎಂದು ತೋರಿಸಿದರು. ಇಂಥವರ ದುಡಿಮೆಯ ಫಲ ನಮ್ಮ ಕೈಗೆಟಕುವಷ್ಟು ಹತ್ತಿರದಲ್ಲಿದೆ. ಎರೆಗೊಬ್ಬರ ಮಾಡುವ ರೈತರಲ್ಲಿ, ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಹುಳು ಸಿಗುತ್ತದೆ. ನಾಲ್ಕು ಜನರ ಮನೆಗೆ ಕಾಲು ಕಿಲೋದಿಂದ ಅರ್ಧ ಕಿಲೋ ಹುಳು ತಂದರೆ ಶುರು ಮಾಡಲು ಸಾಕು.

ಇನ್ನು ಮನೆ ಕಟ್ಟುವ ಕೆಲಸ. ಎತ್ತರದ ಡ್ರಮ್ಮಿಗಿಂತ ಅಗಲವಾದ, ಒಂದಡಿ ಆಳದ ಟಬ್ಬು ಒಳ್ಳೆಯದು. ಹುಳುಗಳು ಮೇಲಿನ ಪದರದಲ್ಲೇ ಮೇಯುತ್ತವೆ. ಒಳಗಿನದು ಕಾಣದ ಬಣ್ಣದ ಪ್ಲಾಸ್ಟಿಕ್ ಟಬ್ಬಾದರೂ ಆದೀತು, ಮಣ್ಣಿನ ದೊಡ್ಡ ಕುಂಡವಾದರೂ ಆದೀತು. ತಳಕ್ಕೆ, ಅಂಚಿಗೆ ಸಣ್ಣ ತೂತು ಹಾಕಿ, ಕೆಳಗೊಂದು ತಟ್ಟೆಯಿಡಿ. ಒಳಗೆ ಆರೇಳು ಅಂಗುಲದಷ್ಟು ಹಾಸಿಗೆ ಬೇಕು: ತೆಂಗಿನ ನಾರಿನ ಪುಡಿ, ಒಣಗಿದ ಎಲೆ, ಹರಿದ ವೃತ್ತಪತ್ರಿಕೆ. ಬಣ್ಣದ ನುಣುಪು ಕಾಗದ ಬೇಡ. ನಾರಿನ ಪುಡಿಯಲ್ಲಿ ಉಪ್ಪಿನಂಶ ಇರಬಹುದು, ಆದ್ದರಿಂದ ಎರಡು ಸಲ ನೀರಿನಲ್ಲಿ ನೆನೆಸಿ ಬಸಿದೇ ಹಾಕಿ. ಒಂದು ಹಿಡಿ ತೋಟದ ಮಣ್ಣು, ಸಿಕ್ಕರೆ ಹಳೆಯ ಸಗಣಿ ಬೆರೆಸಿ. ಹಸಿ ಸಗಣಿ ಬೇಡ, ಅದರ ಕಾವಿಗೆ ಹುಳು ಸಾಯುತ್ತದೆ. ಇಡೀ ಹಾಸಿಗೆ ಹಿಂಡಿದ ಒರಸುಬಟ್ಟೆಯಷ್ಟು ಒದ್ದೆಯಿರಬೇಕು. ಮುಷ್ಟಿಯಲ್ಲಿ ಹಿಡಿದು ಅದುಮಿದರೆ ಒಂದೆರಡು ಹನಿ ಬರಬೇಕು, ಧಾರೆಯಾಗಿ ಸುರಿಯಬಾರದು.

ಇದನ್ನು ಕೆಲವು ದಿನ ಹಾಗೇ ಬಿಟ್ಟು, ಒಳಗೆ ಕಾವಿಲ್ಲ ಎಂದು ಕೈಯಿಟ್ಟು ನೋಡಿ, ಆಮೇಲೆ ಹುಳು ಬಿಡಿ. ಮೊದಲ ರಾತ್ರಿಗಳಲ್ಲಿ ಅವು ಗೋಡೆ ಹತ್ತಲು ನೋಡಬಹುದು. ಹೊಸ ಜಾಗ, ಗಾಬರಿ. ಡಬ್ಬಿಯ ಮೇಲೆ ಒಂದು ದೀಪ ಉರಿಯಲು ಬಿಟ್ಟರೆ ಬೆಳಕಿಗೆ ಅಂಜಿ ಒಳಗೇ ಉಳಿದು ಜಾಗಕ್ಕೆ ಒಗ್ಗುತ್ತವೆ. ನೆಲೆಸಿದ ಮೇಲೆ ಊಟ ಶುರು ಮಾಡಿ, ದಿನಕ್ಕೊಂದು ಹಿಡಿಯಷ್ಟು, ಚಿಕ್ಕದಾಗಿ ಹೆಚ್ಚಿ. ಒಂದು ಮೂಲೆಯಲ್ಲಿ ಗುಳಿ ಮಾಡಿ ಹಾಕಿ, ಒಣ ಎಲೆಯಿಂದ ಮುಚ್ಚಿ. ಮಾರನೇ ಸಲ ಇನ್ನೊಂದು ಮೂಲೆ. ಹಿಂದಿನ ಊಟ ಕರಗುವ ಮೊದಲು ಹೊಸದನ್ನು ಸುರಿಯದಿರುವುದೇ ಈ ವಿದ್ಯೆಯ ಅರ್ಧ ಭಾಗ. ಚೆನ್ನಾಗಿ ಒಗ್ಗಿದ ಹುಳುಗಳು ದಿನಕ್ಕೆ ತಮ್ಮ ತೂಕದ ಅರ್ಧದಷ್ಟು ತಿನ್ನಬಲ್ಲವು. ಅವಕ್ಕೆ ಹಲ್ಲಿಲ್ಲ. ಸೂಕ್ಷ್ಮಜೀವಿಗಳು ಮೆತ್ತಗೆ ಮಾಡಿದ್ದನ್ನೇ ನುಂಗಿ, ಮರಳಿನ ಕಣಗಳ ಸಹಾಯದಿಂದ ಒಳಗೆ ಅರೆಯುತ್ತವೆ. ಆ ಒಂದು ಹಿಡಿ ಮಣ್ಣು ಹಾಕಲು ಹೇಳಿದ್ದು ಇದಕ್ಕೇ.

ಯಾವುದು ಅವಕ್ಕೆ ಪ್ರಿಯ? ಬಾಳೆ, ಪಪ್ಪಾಯಿ, ಕಲ್ಲಂಗಡಿ, ಸೌತೆಯ ಸಿಪ್ಪೆ, ಸೊಪ್ಪಿನ ಬೇರು ದಂಟು, ಟೀ ಸೊಪ್ಪು, ಕಾಫಿ ಚರಟ, ದಾರ ಬಿಚ್ಚಿದ ಪೂಜೆಯ ಹೂವು. ಮೊಟ್ಟೆ ತಿನ್ನುವ ಮನೆಯಾದರೆ ಒಣಗಿಸಿ ಪುಡಿ ಮಾಡಿದ ಮೊಟ್ಟೆಯ ಓಡು, ಅದು ಹುಳಿಯನ್ನು ತಗ್ಗಿಸುತ್ತದೆ. ಯಾವುದು ಬೇಡ? ಉಪ್ಪು, ಹುಳಿ, ಖಾರ, ಎಣ್ಣೆ ಸೋಕಿದ ಯಾವುದೂ ಬೇಡ. ಉಳಿದ ಸಾರು, ಪಲ್ಯ, ಉಪ್ಪಿನಕಾಯಿ, ಹುಣಸೆ ಹಿಪ್ಪೆ, ನಿಂಬೆ ಮೋಸಂಬಿ ಸಿಪ್ಪೆ, ಹಸಿಮೆಣಸು, ರಾಶಿ ಈರುಳ್ಳಿ ಸಿಪ್ಪೆ, ಹಾಲು ಮೊಸರು, ಮೀನು ಮಾಂಸ ಇವನ್ನೆಲ್ಲ ಹೊರಗಿಡಿ. ಉಪ್ಪು ಹುಳುವಿನ ಒದ್ದೆ ಚರ್ಮವನ್ನು ಸುಡುತ್ತದೆ. ಎಂಜಲು ಅನ್ನ ಸಾರಿಗೆ ಅಳತೆ ನೋಡಿ ಅಡುಗೆ ಮಾಡುವುದೇ ಮೊದಲ ಪರಿಹಾರ. ಉಳಿದಷ್ಟನ್ನು ಹಸಿ ಕಸದ ಗಾಡಿಗೆ ಕೊಡಿ. ಬಕೆಟ್ಟು ತುಂಬ ಹೋಗುತ್ತಿದ್ದ ಕಡೆ ಒಂದು ಬಟ್ಟಲಷ್ಟು ಹೋದರೂ ಅದು ದೊಡ್ಡ ಬದಲಾವಣೆಯೇ.

ಅವರೆಕಾಯಿ ಕಾಲದ ಬಗ್ಗೆ ಒಂದು ಮಾತು ಹೇಳಲೇಬೇಕು. ಡಿಸೆಂಬರ್, ಜನವರಿಯಲ್ಲಿ ನಮ್ಮ ಮನೆಗಳಲ್ಲಿ ಸೊಗಡವರೆ ಸುಲಿದು, ಹಿತಕಿ, ಸಿಪ್ಪೆಯ ಗುಡ್ಡವೇ ಆಗುತ್ತದೆ. ಅಷ್ಟನ್ನೂ ಒಂದೇ ದಿನ ಡಬ್ಬಿಗೆ ತುಂಬಿದರೆ ಒಳಗೆ ಕಾವು ಏರಿ ಹುಳುಗಳು ಸಾಯುತ್ತವೆ. ಸಿಪ್ಪೆಯನ್ನು ತಾರಸಿಯಲ್ಲಿ ಹರಡಿ ಒಣಗಿಸಿ ಗೋಣಿಚೀಲದಲ್ಲಿ ಕಟ್ಟಿಡಿ. ವರ್ಷದ ಉಳಿದ ತಿಂಗಳುಗಳಲ್ಲಿ ಹಸಿ ಸಿಪ್ಪೆಯ ಮೇಲೆ ಮುಚ್ಚಲು ಅದಕ್ಕಿಂತ ಒಳ್ಳೆಯ ಒಣ ಪದರ ಇನ್ನೊಂದಿಲ್ಲ. ನನ್ನ ಮನೆಯಲ್ಲಿ ಅವರೆ ಸಿಪ್ಪೆಯ ಮೂಟೆ ಈಗ ಕಾಯಂ ಸಾಮಾನು.

ಡಬ್ಬಿ ತನ್ನ ಸ್ಥಿತಿಯನ್ನು ತಾನೇ ಹೇಳುತ್ತದೆ. ಹುಳಿ ವಾಸನೆ ಬಂದರೆ ಊಟ ಹೆಚ್ಚಾಗಿದೆ ಎಂದರ್ಥ. ಕೆಲವು ದಿನ ಏನೂ ಹಾಕದೆ, ಮೇಲಿನ ಪದರ ಸಡಿಲಿಸಿ, ಒಣ ಎಲೆ ಬೆರೆಸಿ. ಇರುವೆ ಬಂದರೆ ಒಣಗಿದೆ ಎಂದರ್ಥ. ನೀರು ಚಿಮುಕಿಸಿ, ಡಬ್ಬಿಯನ್ನು ಸ್ಟ್ಯಾಂಡಿನ ಮೇಲಿಟ್ಟು ಅದರ ಕಾಲುಗಳನ್ನು ನೀರು ತುಂಬಿದ ಬಟ್ಟಲಲ್ಲಿ ನಿಲ್ಲಿಸಿ. ಹಣ್ಣಿನ ನೊಣ ಎದ್ದರೆ ಸಿಪ್ಪೆ ತೆರೆದು ಬಿದ್ದಿದೆ, ಮುಚ್ಚಿ. ತಟ್ಟೆಗೆ ನೀರು ಇಳಿಯುತ್ತಲೇ ಇದ್ದರೆ ತೇವ ಅತಿಯಾಗಿದೆ. ಆ ನೀರನ್ನು ಎರೆಜಲ ಎಂದು ಗಿಡದ ಎಲೆಗೆ ಸಿಂಪಡಿಸಬೇಡಿ. ಪಕ್ವವಾದ ಎರೆಗೊಬ್ಬರ ಮತ್ತು ಹುಳುಗಳಿರುವ ಪದರದ ಮೂಲಕ ಶುದ್ಧ ನೀರು ಹನಿಹನಿಯಾಗಿ ಇಳಿಸಿ ಸಂಗ್ರಹಿಸಿದ್ದು ಎರೆಜಲ, ಕೊಳೆಯುವ ಸಿಪ್ಪೆಯಿಂದ ಸೋರಿದ್ದಲ್ಲ. ಇಲಿ, ಹೆಗ್ಗಣ ಓಡಾಡುವ ನೆಲಮಹಡಿಯಲ್ಲಿ ಭಾರದ ಮುಚ್ಚಳವಿರಲಿ. ಏಪ್ರಿಲ್, ಮೇ ತಿಂಗಳಲ್ಲಿ ಒದ್ದೆ ಗೋಣಿ ಹೊದಿಸಿ. ಹದಿನೈದರಿಂದ ಮೂವತ್ತು ಡಿಗ್ರಿಯ ಹವೆ ಈ ಹುಳುಗಳಿಗೆ ಹಿತ, ಬೆಂಗಳೂರಿನ ವರ್ಷದ ಬಹುಭಾಗ ಹಾಗೆಯೇ ಇರುತ್ತದೆ. ಕಲಬುರಗಿ, ರಾಯಚೂರಿನ ಬಂಧುಗಳು ಈ ಪತ್ರ ಓದುತ್ತಿದ್ದರೆ, ನಿಮ್ಮ ಬೇಸಿಗೆಯಲ್ಲಿ ಡಬ್ಬಿಯನ್ನು ಮನೆಯೊಳಗಿನ ತಂಪು ಮೂಲೆಗೆ ಒಯ್ಯಿರಿ.

ಎರಡು ಮೂರು ತಿಂಗಳು ಕಳೆಯುವಷ್ಟರಲ್ಲಿ ಹಾಸಿಗೆಯ ಗುರುತು ಹೋಗಿ ಟೀ ಪುಡಿಯಂಥ ಕಪ್ಪು ಹುಡಿ ಕಾಣುತ್ತದೆ. ಎಲ್ಲವನ್ನೂ ಒಂದು ಬದಿಗೆ ಸರಿಸಿ, ಇನ್ನೊಂದು ಬದಿಯಲ್ಲಿ ಹೊಸ ಹಾಸಿಗೆ ಮಾಡಿ ಊಟವಿಡಿ. ಹುಳುಗಳು ತಾವಾಗಿ ಆ ಕಡೆ ಹೋಗುತ್ತವೆ. ಅವಸರವಿದ್ದರೆ ಬೆಳಕಿನಲ್ಲಿ ಗೋಪುರದಂತೆ ಗುಡ್ಡೆ ಹಾಕಿ. ಬೆಳಕಿಗೆ ಅಂಜಿ ಅವು ಬುಡಕ್ಕಿಳಿದಂತೆ ಮೇಲಿನಿಂದ ಗೊಬ್ಬರ ತೆಗೆಯುತ್ತಾ ಬನ್ನಿ. ಕುಂಡಕ್ಕೆ ಒಂದು ಹಿಡಿ ಹಾಕಿದರೆ ಕರಿಬೇವು, ದೊಡ್ಡಪತ್ರೆ, ಮಲ್ಲಿಗೆ ನಿಮಗೆ ಉತ್ತರ ಕೊಡುತ್ತವೆ. ಹೆಚ್ಚಾದದ್ದನ್ನು ಬೀದಿಯ ಮರಗಳ ಬುಡಕ್ಕೆ ಹಾಕಿ. ಜೀವಂತ ಹುಳುಗಳನ್ನು ಮಾತ್ರ ಮಲೆನಾಡಿನ ಕಾಡಿಗೆ, ಹೊಳೆಯ ದಂಡೆಗೆ ಒಯ್ದು ಬಿಡಬೇಡಿ. ಹೊರಗಿನ ಜಾತಿಯ ಹುಳುಗಳಿಗೆ ನಮ್ಮ ಕಾಡಿನ ಮಣ್ಣಿನಲ್ಲಿ ಕೆಲಸವಿಲ್ಲ. ಹೆಚ್ಚಿದರೆ ಡಬ್ಬಿ ಶುರು ಮಾಡುವ ಇನ್ನೊಂದು ಮನೆಗೆ ಕೊಡಿ.

ನಿಮ್ಮ ಮನಸ್ಸಿನಲ್ಲಿರುವ ಕೆಲವು ಮಾತುಗಳು ನನಗೆ ಗೊತ್ತು, ಏಕೆಂದರೆ ನಮ್ಮ ಕಟ್ಟಡದ ಸಭೆಯಲ್ಲೂ ಅವು ಬಂದವು. ಮಡಿ ಮೈಲಿಗೆಯ ಮನೆಯಲ್ಲಿ ಹುಳು ಹೇಗೆ ಸಾಕುವುದು ಎಂದು ಹಿರಿಯರೊಬ್ಬರು ಕೇಳಿದರು. ಸಗಣಿಯಲ್ಲಿ ಅಂಗಳ ಸಾರಿಸಿದ ಮನೆಗಳು ನಮ್ಮವು, ಅಮ್ಮಾ. ಮಣ್ಣಿನ ಜೀವ ನಮಗೆ ಎಂದೂ ಹೊರಗಿನದಾಗಿರಲಿಲ್ಲ. ಜೀವಹಿಂಸೆಯಾಗುವುದಿಲ್ಲವೇ ಎಂದು ಇನ್ನೊಬ್ಬರು ಕೇಳಿದರು. ಆ ಪ್ರಶ್ನೆಯನ್ನು ನಾನು ಗೌರವಿಸುತ್ತೇನೆ. ಎರೆಹುಳುವನ್ನು ತುಂಡು ಮಾಡಿದರೆ ಎರಡಾಗುತ್ತದೆ ಎಂಬ ನಂಬಿಕೆಯನ್ನು ನೆಚ್ಚಬೇಡಿ, ಅದಕ್ಕೆ ಗಾಯವೇ ಆಗುತ್ತದೆ. ಹಾಗಾಗಿ ಸಲಿಕೆ, ಕತ್ತಿ ಹಾಕದೆ ಕೈಯಲ್ಲೇ ಸಡಿಲಿಸಿ, ಬೇಕಾದರೆ ಕೈಗವಸು ಹಾಕಿಕೊಳ್ಳಿ. ಹೊಟ್ಟೆಗೆ, ತೇವಕ್ಕೆ, ನೆರಳಿಗೆ ಕೊರತೆ ಮಾಡದೆ ಸಾಕಿದರೆ ಅವು ಮೊಟ್ಟೆಕೋಶಗಳನ್ನಿಟ್ಟು ತಾವೇ ಹೆಚ್ಚುತ್ತವೆ, ಜಾಗ ಮತ್ತು ಊಟದ ಮಿತಿಗೆ ಬಂದಾಗ ತಾವೇ ನಿಲ್ಲುತ್ತವೆ. ಊರಿಗೆ ಹೋದರೆ ಏನು ಮಾಡುವುದು ಎಂಬುದು ಮೂರನೆಯ ಪ್ರಶ್ನೆ. ತೇವ ನೋಡಿ, ದಪ್ಪಗೆ ಒಣ ಎಲೆ ಹೊದಿಸಿ ಹೋದರೆ ಒಂದೆರಡು ವಾರ ಅವಕ್ಕೆ ಯಾರೂ ಬೇಡ. ಅಷ್ಟು ಕಡಿಮೆ ಕೇಳುವ ಸಾಕುಪ್ರಾಣಿ ಇನ್ನಾವುದಿದೆ?

ನಾಲ್ಕನೆಯ ಮಾತು ಯಾರೂ ಸಭೆಯಲ್ಲಿ ಆಡಲಿಲ್ಲ, ನಾನೇ ಆಡುತ್ತೇನೆ. ಈ ಕೆಲಸವನ್ನು ಮನೆಗೆಲಸದವರ ಮೇಲೆ ಹೊರಿಸಬೇಡಿ. ನಮ್ಮ ಎಂಜಲನ್ನು ಬೇರೆಯವರ ಕೈಗೆ ದಾಟಿಸುವ ಅಭ್ಯಾಸವೇ ಮಂಡೂರಿನವರೆಗೆ ಹೋಗಿ ಮುಟ್ಟಿದ್ದು. ಗಾಡಿಯ ಹಿಂದೆ ನಿಂತು, ನಾವು ಬೆರೆಸಿ ಕೊಟ್ಟ ಕಸದಿಂದ ಬರಿಗೈಯಲ್ಲಿ ಸ್ಯಾನಿಟರಿ ಪ್ಯಾಡು, ಗಾಜಿನ ಚೂರು ಆರಿಸುವ ಪೌರಕಾರ್ಮಿಕ ಹೆಂಗಸರನ್ನು ನಾನು ನಮ್ಮ ಬೀದಿಯಲ್ಲೇ ನೋಡಿದ್ದೇನೆ. ಹಸಿ ಕಸ ಮನೆಯಲ್ಲೇ ಉಳಿದರೆ ಉಳಿದ ಕಸವೆಲ್ಲ ಒಣಗಿರುತ್ತದೆ, ಕೈಗೆ ಅಂಟುವುದಿಲ್ಲ. ಅವರ ದುಡಿಮೆಗೆ ನಾವು ತೋರಿಸಬಹುದಾದ ಅತಿ ಸರಳ ಮರ್ಯಾದೆ ಇದು.

ಹಾಗಾದರೆ ನನ್ನ ಬೇಡಿಕೆಗಳನ್ನು ಸ್ಪಷ್ಟವಾಗಿ ಇಡುತ್ತೇನೆ.

ಒಂದು, ಈ ತಿಂಗಳು ಒಂದೇ ಒಂದು ಟಬ್ಬಿನಿಂದ ಶುರು ಮಾಡಿ. ಮೊದಲ ದಿನವೇ ಮನೆಯ ಎಲ್ಲ ಸಿಪ್ಪೆಯೂ ಅದಕ್ಕೆ ಹೋಗಬೇಕೆಂಬ ಹಠ ಬೇಡ. ಹುಳು ಹೆಚ್ಚಿದಂತೆ ಊಟ ಹೆಚ್ಚಿಸಿ.

ಎರಡು, ನಿವಾಸಿ ಸಂಘಗಳ ಪದಾಧಿಕಾರಿಗಳೇ, ಬಾಲ್ಕನಿಯಲ್ಲಿ ಗೊಬ್ಬರದ ಡಬ್ಬಿ ಇಡಬಾರದು ಎಂಬ ನಿಯಮ ನಿಮ್ಮಲ್ಲಿದ್ದರೆ ದಯವಿಟ್ಟು ತೆಗೆದುಹಾಕಿ. ಸ್ವಂತ ಬಾಲ್ಕನಿ ಇಲ್ಲದವರಿಗೆ ತಾರಸಿಯಲ್ಲೋ ಹಿತ್ತಲಲ್ಲೋ ನೆರಳಿರುವ ಒಂದು ಜಾಗ ಬಿಟ್ಟುಕೊಡಿ. ದೊಡ್ಡ ವಸತಿ ಸಮುಚ್ಚಯಗಳು ತಮ್ಮ ಹಸಿ ಕಸವನ್ನು ಸಾಧ್ಯವಾದಷ್ಟೂ ತಮ್ಮ ಆವರಣದಲ್ಲೇ ಗೊಬ್ಬರ ಮಾಡಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳಿದವು. ಇದು ಯಾರ ಹವ್ಯಾಸವೂ ಅಲ್ಲ, ಕರ್ತವ್ಯ.

ಮೂರು, ಉದುರಿದ ಎಲೆಗೆ ಬೆಂಕಿ ಹಚ್ಚುವುದನ್ನು ನಿಲ್ಲಿಸಿ. ಹೊಂಗೆ, ಮಳೆಮರ, ಟಬೆಬುಯಾ ಉದುರಿಸುವ ಎಲೆಯೇ ನಮಗೆ ಬೇಕಾದ ಒಣ ಪದರ. ಗೋಣಿಯಲ್ಲಿ ತುಂಬಿ ಬಾಗಿಲ ಬಳಿ ಇಟ್ಟರೆ ಬೇಕಾದವರು ಒಯ್ಯುತ್ತಾರೆ.

ನಾಲ್ಕು, ಕೈಯಾರೆ ಕಲಿಯಲು ಮನಸ್ಸಿದ್ದವರು ಎಚ್‌ಎಸ್‌ಆರ್ ಬಡಾವಣೆಯ ಸ್ವಚ್ಛಾಗ್ರಹ ಕಲಿಕಾ ಕೇಂದ್ರದಂಥ ಜಾಗಗಳನ್ನು ಮನೆಮಂದಿಯೊಂದಿಗೆ ನೋಡಿ ಬನ್ನಿ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿ ಮೇಳಕ್ಕೆ ಹೋದಾಗ ಎರೆಗೊಬ್ಬರದ ಮಳಿಗೆಯ ಮುಂದೆ ನಿಂತು ಪ್ರಶ್ನೆ ಕೇಳಿ.

ಐದು, ಒಮ್ಮೆ ಗೊಬ್ಬರ ಕಂಡ ಮೇಲೆ, ಎರಡು ಹಿಡಿ ಹುಳುವನ್ನೂ ಈ ಕೆಲಸದ ಅನುಭವವನ್ನೂ ಪಕ್ಕದ ಮನೆಗೆ ಕೊಡಿ.

ಈ ನಗರದ ಕಸದ ಸಮಸ್ಯೆ ನಮ್ಮ ಬಾಲ್ಕನಿಗಳಿಂದಲೇ ಪೂರ್ತಿ ಬಗೆಹರಿಯುತ್ತದೆ ಎಂದು ನಾನು ಹೇಳುವುದಿಲ್ಲ. ಹೋಟೆಲು, ಛತ್ರ, ಮಾರುಕಟ್ಟೆಗಳ ಪಾಲನ್ನು ಸರ್ಕಾರವೂ ಪಾಲಿಕೆಯೂ ನೋಡಿಕೊಳ್ಳಲೇಬೇಕು, ಅದನ್ನು ನಾವು ಕೇಳುತ್ತಲೂ ಇರಬೇಕು. ಆದರೆ ನಮ್ಮ ಮನೆಯ ಸಿಪ್ಪೆ ಇನ್ನೊಂದು ಊರಿನ ಬಾವಿಗೆ ಹೋಗದಂತೆ ತಡೆಯುವುದು ಇವತ್ತೇ, ಯಾರ ಅಪ್ಪಣೆಗೂ ಕಾಯದೆ, ನಮ್ಮ ಕೈಯಲ್ಲಿದೆ. ನಮ್ಮ ಮನೆಯ ಹೊರೆಯನ್ನು ನಾವೇ ಹೊತ್ತು ನಿಂತಾಗ ಅಧಿಕಾರದಲ್ಲಿರುವವರನ್ನು ಕೇಳುವ ನಮ್ಮ ಮಾತಿಗೂ ತೂಕ ಬರುತ್ತದೆ. ದಯವಿಟ್ಟು ಶುರು ಮಾಡಿ.

ಇಂತಿ ತಮ್ಮ ವಿಶ್ವಾಸಿ,
ನಿಮ್ಮೂರಿನ ಒಬ್ಬ ಗೃಹಿಣಿ
ಬೆಂಗಳೂರು